ಅವ್ವನ ಮರೆವು, ಅಪ್ಪನ ಹೆಸರಿನ ಗದ್ದೆ: ಜಿಪಿಎ ಒಂದೇ ಸಾಕೇ?

ಪ್ರಶ್ನೆ: ನಮ್ಮದು ಗಂಗಾವತಿ ತಾಲ್ಲೂಕಿನ ಹಳ್ಳಿ. ಅಪ್ಪ ತೀರಿಕೊಂಡು ಮೂರು ವರ್ಷ ಆಯಿತು. ಎಡದಂಡೆ ಕಾಲುವೆ ನೀರು ಹಾಯುವ ಆರು ಎಕರೆ ಗದ್ದೆ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ. ಊರೊಳಗಿನ ಮನೆ ಅವ್ವನ ಹೆಸರಿಗಿದೆ, ಬ್ಯಾಂಕಿನಲ್ಲಿ ಅವಳದೊಂದಿಷ್ಟು ಎಫ್‌ಡಿ ಇದೆ. ಅವ್ವಗೆ 74. ಈಚೆಗೆ ಮರೆವು ಹೆಚ್ಚಿದೆ. ಕೇಳಿದ್ದನ್ನೇ ಕೇಳುತ್ತಾಳೆ, ಒಲೆ ಆರಿಸುವುದು ಮರೆಯುತ್ತಾಳೆ. ಮಂದಿಯ ಗುರುತು, ಹಳೆಯ ಲೆಕ್ಕ ಎಲ್ಲ ಚೆನ್ನಾಗಿಯೇ ಇದೆ. ನಾನು ಬೆಂಗಳೂರಿನಲ್ಲಿದ್ದೇನೆ. ಹೊಲ, ಅವ್ವ ಎರಡನ್ನೂ ತಮ್ಮ ನೋಡಿಕೊಳ್ಳುತ್ತಾನೆ. ತಂಗಿಯನ್ನು ಸಿಂಧನೂರಿಗೆ ಕೊಟ್ಟಿದ್ದೇವೆ. “ಅವ್ವನ ಕಡೆಯಿಂದ ಒಂದು ಜಿಪಿಎ ಮಾಡಿಸ್ಕೊಂಡು ಬಿಡೂಣು, ಬ್ಯಾಂಕು, ಮನಿ, ಹೊಲ ಎಲ್ಲಾಕೂ ಅದೊಂದು ಸಾಕು” ಅನ್ನುತ್ತಾನೆ ತಮ್ಮ. ತಂಗಿಗೆ ಈಗಲೇ ತಿಳಿಸುವುದು ಬೇಡ ಎಂದೂ ಹೇಳುತ್ತಾನೆ. ನಾವು ಏನು ಮಾಡಬೇಕು?

ಉತ್ತರ: ಸಾಕಾಗುವುದಿಲ್ಲ. ಜಿಪಿಎ, ಅಂದರೆ ತನ್ನ ಪರವಾಗಿ ವ್ಯವಹಾರ ಮಾಡಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಮುಖತ್ಯಾರ ಪತ್ರ (ಜನರಲ್ ಪವರ್ ಆಫ್ ಅಟಾರ್ನಿ), ನಿಮಗೆ ನಿಜವಾಗಿ ಬೇಕಾಗುವುದು ಅವ್ವಗೆ ತಿಳಿವಳಿಕೆ ತಪ್ಪಿದ ಮೇಲೆ. ಅದು ಕಾನೂನಿನಲ್ಲಿ ಸತ್ತುಹೋಗುವುದೂ ಆಗಲೇ. 1872ರ ಭಾರತೀಯ ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ, ಅಧಿಕಾರ ಕೊಟ್ಟವರು ತೀರಿಕೊಂಡರೂ, ಅವರ ಬುದ್ಧಿ ಸ್ವಸ್ಥವಾಗಿ ಉಳಿಯದಿದ್ದರೂ ಆ ಅಧಿಕಾರ ಅಲ್ಲಿಗೇ ಮುಗಿಯುತ್ತದೆ. ಬುದ್ಧಿ ಹೋದ ಮೇಲೂ ನಡೆಯುವಂಥ ಮುಖತ್ಯಾರ ಪತ್ರ ಕೆಲವು ಪರದೇಶಗಳಲ್ಲಿದೆ, ನಮ್ಮಲ್ಲಿಲ್ಲ. ಕೋರ್ಟಿನ ಮುಂದಿನ ಟೈಪಿಂಗ್ ಅಂಗಡಿಯಲ್ಲಿ ಯಾರಾದರೂ “ಇರ್ರಿವೋಕಬಲ್ (ರದ್ದು ಮಾಡಲಾಗದ್ದು) ಅಂತ ಒಂದು ಪದ ಹಾಕಿಸಿದ್ರ ಏನೂ ಆಗಂಗಿಲ್ಲ” ಎಂದರೆ ನಂಬಬೇಡಿ. ಅಧಿಕಾರ ಪಡೆದವನಿಗೆ ಆ ಆಸ್ತಿಯಲ್ಲಿ ಮೊದಲೇ ಸ್ವಂತ ಹಿತಾಸಕ್ತಿ ಇದ್ದರೆ ಮಾತ್ರ 202ನೇ ಕಲಮಿನ ರಕ್ಷಣೆ ಸಿಗುತ್ತದೆ. ತಾಯಿಯನ್ನು ನೋಡಿಕೊಳ್ಳುವ ಮಗ ಅದರೊಳಗೆ ಬರುವುದಿಲ್ಲ. “ತಾಯಿಗೆ ಹೀಗಾಗಿದೆ ಅಂತ ನನಗೆ ಗೊತ್ತಿರಲಿಲ್ಲ” ಎಂದು ಒಂದೇ ಮನೆಯಲ್ಲಿರುವ ಮಗ ಕೋರ್ಟಿನಲ್ಲಿ ಹೇಳುವಂತೆಯೂ ಇಲ್ಲ.

ಜಿಪಿಎ ಹಿಡಿದು ಆಸ್ತಿ ಮಾರುವ ಮಾತಂತೂ ಬೇಡವೇ ಬೇಡ. ಜಿಪಿಎ ಮೇಲಿನ ವ್ಯವಹಾರದಿಂದ ಮಾಲೀಕತ್ವ ದಾಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ 2011ರಲ್ಲೇ ಹೇಳಿದೆ. ಹಾಗಂತ ಜಿಪಿಎ ನಿಷ್ಪ್ರಯೋಜಕ ಎಂದಲ್ಲ. ಅವ್ವಗೆ ತಿಳಿವಳಿಕೆ ಇದ್ದು, ಮೊಣಕಾಲು ನೋವಿಗೆ ಕಚೇರಿಗೆ ಓಡಾಡಲು ಆಗದಿದ್ದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ನಿಮ್ಮ ಮನೆಯ ತೊಂದರೆ ಕಾಲಿನದಲ್ಲ, ನೆನಪಿನದು.

ತಿಳಿವಳಿಕೆ ಪೂರ್ತಿ ಹೋದ ಮೇಲೆ ಏನು ಗತಿ? ಮಗ ಎಂಬ ಕಾರಣಕ್ಕೆ ಯಾರಿಗೂ ತಾನಾಗಿ ಅಧಿಕಾರ ಬರುವುದಿಲ್ಲ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ ಅಂಥವರ ಆಸ್ತಿಗೆ ಮೇಲ್ವಿಚಾರಕರನ್ನು ನೇಮಿಸಿಕೊಳ್ಳುವ ದಾರಿ ಇತ್ತು. ಆ ಕಾಯ್ದೆ ಹೋಗಿ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಬಂತು. ಚಿಕಿತ್ಸೆಯ ವಿಷಯಕ್ಕೆ ಪ್ರತಿನಿಧಿಯನ್ನು ಹೆಸರಿಸಲು ಅದರಲ್ಲಿ ಅವಕಾಶವಿದೆ, ಆಸ್ತಿಗೆ ರಕ್ಷಕರನ್ನು ನೇಮಿಸುವ ಅಧ್ಯಾಯವೇ ಇಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿಯಂಥ ನಾಲ್ಕು ಬಗೆಯ ಅಂಗವೈಕಲ್ಯಕ್ಕೆ ಸೀಮಿತ. ಮುಪ್ಪಿನ ಮರೆವಿಗೆ ಅದು ಅನ್ವಯಿಸುವುದಿಲ್ಲ. ಹೀಗಾಗಿ ಈಗ ಜನ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿ ರಕ್ಷಕರಾಗಿ ನೇಮಿಸಿ ಎಂದು ಕೇಳಬೇಕಾಗಿದೆ. ಕೊಪ್ಪಳ, ಬಳ್ಳಾರಿ ಜಿಲ್ಲೆಯವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ. ವೈದ್ಯರ ವರದಿ, ಎಲ್ಲ ಮಕ್ಕಳ ಒಪ್ಪಿಗೆ, ಆಸ್ತಿಯ ಪಟ್ಟಿ, ಬ್ಯಾಂಕಿನ ಪತ್ರ ಎಲ್ಲವನ್ನೂ ಹೊಂದಿಸಿ, ಧಾರವಾಡಕ್ಕೆ ಓಡಾಡಿ ಆದೇಶ ತರುವಷ್ಟರಲ್ಲಿ ಆಸ್ಪತ್ರೆಯ ಬಿಲ್ಲಿಗೆ ಬೇಕಿದ್ದ ಎಫ್‌ಡಿ ಹಾಗೇ ಬಿದ್ದಿರುತ್ತದೆ. ಅವ್ವ ತಾನೇ ಕೂತು, ತಿಳಿದು, ಸಹಿ ಹಾಕಬಹುದಾದ ಕೆಲಸವನ್ನೆಲ್ಲ ಈಗಲೇ ಮುಗಿಸಿ ಎನ್ನುವುದು ಅದಕ್ಕೇ.

ಮೊದಲು ಡಾಕ್ಟರು, ಆಮೇಲೆ ವಕೀಲರು. ಥೈರಾಯ್ಡ್ ತೊಂದರೆ, ಬಿ-12 ಕೊರತೆ, ಗಂಡ ಹೋದ ಮೇಲಿನ ಖಿನ್ನತೆ, ನಿದ್ದೆ ಮಾತ್ರೆ, ಇವೂ ಮರೆವು ತರುತ್ತವೆ, ಮತ್ತು ಇವಕ್ಕೆ ಔಷಧ ಇದೆ. ಕೊಪ್ಪಳದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಿ, ಚೀಟಿ, ರಕ್ತ ಪರೀಕ್ಷೆಯ ವರದಿ ಎಲ್ಲ ಒಂದು ಫೈಲಿನಲ್ಲಿಡಿ. ಡಿಮೆನ್ಷಿಯಾ ಎಂದು ಚೀಟಿಯಲ್ಲಿ ಬರೆದ ಮಾತ್ರಕ್ಕೆ ಅವ್ವನ ಸಹಿಗೆ ಬೆಲೆ ಹೋಗುವುದಿಲ್ಲ. ಆ ದಿನ, ಆ ಕಾಗದದಲ್ಲಿ ತಾನು ಏನು ಮಾಡುತ್ತಿದ್ದೇನೆ ಎಂಬುದು ಅವಳಿಗೆ ತಿಳಿದಿತ್ತೇ ಎಂಬುದನ್ನಷ್ಟೇ ಕಾನೂನು ಕೇಳುತ್ತದೆ. 1925ರ ಉತ್ತರಾಧಿಕಾರ ಕಾಯ್ದೆಯ 59ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಾಮಾನ್ಯವಾಗಿ ಬುದ್ಧಿ ಸ್ಥಿಮಿತ ಇಲ್ಲದವರೂ ಸ್ಥಿಮಿತ ಇರುವ ವೇಳೆಯಲ್ಲಿ ವಿಲ್ ಬರೆಯಬಹುದು ಎನ್ನುತ್ತದೆ. ಆದರೆ ಆ ವೇಳೆ ಹಾಗಿತ್ತು ಎಂದು ನಾಳೆ ಕೋರ್ಟಿನಲ್ಲಿ ತೋರಿಸುವ ಹೊರೆ ನಿಮ್ಮದು.

ಇನ್ನು ಗದ್ದೆ. ನಿಮ್ಮ ಮನೆಯ ಗಂಟು ಇಲ್ಲೇ ಇದೆ. ಅಪ್ಪನ ಹೆಸರಿನ ಹೊಲಕ್ಕೆ ಅವ್ವನ ಜಿಪಿಎ ತಂದು ಏನು ಮಾಡುತ್ತೀರಿ? ಅದರಲ್ಲಿ ಅವಳದು ಒಂದು ಪಾಲು ಮಾತ್ರ. ಹೊಲ ಅಪ್ಪನ ಸ್ವಂತ ಗಳಿಕೆಯಾಗಿದ್ದು, ಅವರು ವಿಲ್ ಬರೆದಿಡದಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅವ್ವ, ನೀವು, ತಮ್ಮ, ತಂಗಿ ನಾಲ್ವರಿಗೂ ಸಮಪಾಲು, ಅಂದರೆ ತಲಾ ಒಂದೂವರೆ ಎಕರೆ. ನಿಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಇನ್ನೂ ಇದ್ದರೆ ಅವರೂ ಪಾಲುದಾರರು. ಪಿತ್ರಾರ್ಜಿತವಾದರೆ ಲೆಕ್ಕ ಬೇರೆ. ಆಗಲೂ 2005ರ ತಿದ್ದುಪಡಿ ಮತ್ತು ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪಿನ ಮೇಲೆ ತಂಗಿಗೆ ನಿಮ್ಮಿಬ್ಬರಷ್ಟೇ ಹಕ್ಕಿದೆ. ಯಾವುದು ಎಂದು ತಿಳಿಯಲು ಮನೆಯ ಟ್ರಂಕಿನಲ್ಲಿರುವ ಹಳೆಯ ಖರೀದಿ ಪತ್ರ, ವಾಟ್ನಿ ಪತ್ರ (ಪಾಲುಪಟ್ಟಿ) ಹುಡುಕಿ. ಕೊಪ್ಪಳ, ರಾಯಚೂರು ಕಡೆ ನಿಜಾಮರ ಕಾಲದ ಕಾಗದ ಉರ್ದುವಿನಲ್ಲಿರುವುದುಂಟು. ಓದಲು ಬರುವುದಿಲ್ಲ ಎಂದು ಎಸೆಯಬೇಡಿ, ಓದಬಲ್ಲ ಹಿರಿಯರು ಈ ಕಡೆ ಇನ್ನೂ ಸಿಗುತ್ತಾರೆ.

ಈಗಿನ ಪಹಣಿ ತೆಗೆಸಿ ಎರಡು ಕಾಲಂ ನೋಡಿ. 9ರಲ್ಲಿ ಮಾಲೀಕರ ಹೆಸರು ಇರುತ್ತದೆ, 11ರಲ್ಲಿ ಹಕ್ಕು ಮತ್ತು ಋಣ. ಅಪ್ಪ ಸೊಸೈಟಿಯಿಂದಲೋ ಬ್ಯಾಂಕಿನಿಂದಲೋ ಬೆಳೆಸಾಲ ತೆಗೆದಿದ್ದರೆ ಅದರ ಬೋಜಾ 11ರಲ್ಲಿ ಕೂತಿರುತ್ತದೆ. ತೀರಿಸಿದ್ದರೂ ಇಳಿಸದೆ ಬಿಟ್ಟ ಬೋಜಾಗಳು ಬಹಳ. ಆಮೇಲೆ ಪೌತಿ ಖಾತೆಗೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವುದು) ಅರ್ಜಿ ಕೊಡಿ. ಅಪ್ಪನ ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲರ ಆಧಾರ್, ಪಹಣಿ ಬೇಕು. ನಾಡಕಚೇರಿಯಲ್ಲೋ ಗ್ರಾಮ ಆಡಳಿತಾಧಿಕಾರಿಯ ಹತ್ತಿರವೋ (ನಮ್ಮ ಮಂದಿಗೆ ಅವರು ಇನ್ನೂ ತಲಾಟಿಯೇ) ಕೆಲಸ ಶುರುವಾಗುತ್ತದೆ. ಅರ್ಜಿ ಕೊಟ್ಟ ಮೇಲೆ ತಕರಾರು ಕರೆದು ನೋಟಿಸ್ ಬರುತ್ತದೆ. ಯಾರಾದರೂ ತಕರಾರು ಎತ್ತಿದರೆ ಕಡತ ತಹಶೀಲ್ದಾರರ ಮುಂದೆ ವಿಚಾರಣೆಗೆ ಹೋಗುತ್ತದೆ, ಅಲ್ಲಿಂದ ಮೇಲ್ಮನವಿ ಕೊಪ್ಪಳದ ಉಪವಿಭಾಗಾಧಿಕಾರಿಗೆ. ಮೊದಲು ನಾಲ್ವರ ಹೆಸರಿಗೂ ಜಂಟಿಯಾಗಿ ಖಾತೆ ಮಾಡಿಸಿ. ಪಾಲು ಬೇರೆ ಮಾಡುವುದಾದರೆ ಅದು ಆಮೇಲಿನ ಮಾತು, ಅದಕ್ಕೆ ಅಳತೆ, 11ಇ ನಕ್ಷೆ (ಹೊಲ ಒಡೆದು ಪಾಲು ತೋರಿಸುವ ಸರ್ವೆ ನಕ್ಷೆ), ನೋಂದಾಯಿತ ವಾಟ್ನಿ ಪತ್ರ ಎಲ್ಲ ಬೇಕಾಗುತ್ತದೆ.

ತಂಗಿಗೆ ಹೇಳುವುದು ಬೇಡ ಎಂಬ ತಮ್ಮನ ಮಾತಿಗೆ ಬರುತ್ತೇನೆ. ವಂಶವೃಕ್ಷದ ಜೊತೆ ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಮಗಳ ಹೆಸರು ಬಿಟ್ಟರೆ ಅದು ಸುಳ್ಳು ಪ್ರಮಾಣ, ಕ್ರಿಮಿನಲ್ ಕೇಸಿನ ವಿಷಯ. ಹಾಗೆ ಆದ ಖಾತೆಯೂ ನಿಲ್ಲುವುದಿಲ್ಲ, ಏಕೆಂದರೆ ಖಾತೆ ಕಂದಾಯ ವಸೂಲಿಗಾಗಿ ಇರುವ ದಾಖಲೆ, ಹಕ್ಕನ್ನು ತೀರ್ಮಾನಿಸುವುದು ಸಿವಿಲ್ ಕೋರ್ಟು. ಹತ್ತು ವರ್ಷದ ಮೇಲೆ ಸಿಂಧನೂರಿನಿಂದ ಪಾಲಿನ ದಾವೆ ಬಂದರೆ ಆಗ ಹೊಲ ಮಾರುವಂತಿಲ್ಲ, ಸಾಲ ತೆಗೆಯುವಂತಿಲ್ಲ, ಅಣ್ಣತಮ್ಮಂದಿರು ತಾರೀಖಿಗೆ ಓಡಾಡುತ್ತಿರಬೇಕು. ತಂಗಿ ತಾನಾಗಿ “ನನಗೆ ಹೊಲ ಬೇಡ” ಎನ್ನಬಹುದು, ಎಷ್ಟೋ ಹೆಣ್ಣುಮಕ್ಕಳು ಹಾಗೇ ಅನ್ನುತ್ತಾರೆ. ಹಾಗಿದ್ದರೂ ಬಾಂಡ್ ಪೇಪರಿನ ಮೇಲೆ ಸಹಿ ಹಾಕಿಸಿಕೊಂಡರೆ ನಡೆಯುವುದಿಲ್ಲ, ನೋಂದಾಯಿತ ಹಕ್ಕು ಬಿಡುಗಡೆ ಪತ್ರವೇ ಆಗಬೇಕು. ನನ್ನನ್ನು ಕೇಳಿದರೆ, ಅದನ್ನು ಈಗ ಅವಳಿಂದ ಕೇಳಲೂ ಬೇಡಿ. ಅವ್ವನ ಆರೈಕೆಗೆ ನಾಳೆ ಅವಳೂ ಬೇಕಾಗುತ್ತಾಳೆ.

ಮನೆಯ ವಿಷಯ ಗದ್ದೆಯಷ್ಟು ತೊಡಕಿನದಲ್ಲ. ಅವ್ವನ ಹೆಸರಿಗಿರುವ ಮನೆಗೆ ಅವ್ವ ಪೂರ್ಣ ಮಾಲೀಕಳು, ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ಅದನ್ನು ಗಟ್ಟಿ ಮಾಡಿದೆ. ಅವಳು ಏನೂ ಬರೆಯದಿದ್ದರೆ ಅವಳ ನಂತರ ಮೂವರು ಮಕ್ಕಳಿಗೂ ಸಮಪಾಲು. ಬರೆಯುವುದಾದರೆ ಎರಡು ದಾರಿ, ವಿಲ್ ಅಥವಾ ದಾನಪತ್ರ (ನಮ್ಮ ಕಡೆ ಬಕ್ಷೀಸ್ ಪತ್ರ ಅನ್ನುವುದು ಇದಕ್ಕೇ). ನಾನು ವಿಲ್ ಕಡೆಗೇ ಒಲಿಯುತ್ತೇನೆ. ವಿಲ್‌ಗೆ ಮುದ್ರಾಂಕ ಶುಲ್ಕ ಇಲ್ಲ, ಅವ್ವ ಇರುವ ತನಕ ಮನೆ ಅವ್ವನದೇ, ಮನಸ್ಸು ಬದಲಾದರೆ ಮತ್ತೆ ಬರೆಯಬಹುದು. ದಾನಪತ್ರ ನೋಂದಾಯಿಸಲು ಗ್ರಾಮ ಪಂಚಾಯಿತಿಯ ಇ-ಸ್ವತ್ತಿನಲ್ಲಿ (ಆಸ್ತಿಗಳ ಆನ್‌ಲೈನ್ ದಾಖಲೆ) ಮನೆಯ ಫಾರಂ 9, ಫಾರಂ 11 ಮೊದಲು ಸರಿಯಾಗಿರಬೇಕು. ವಿಲ್ ಅದಕ್ಕಾಗಿ ಕಾಯಬೇಕಿಲ್ಲ. ನಮ್ಮ ಜಿಲ್ಲೆಗಳಲ್ಲಿ ವಿಲ್‌ಗೆ ಪ್ರೊಬೇಟ್ (ವಿಲ್ ನಿಜವಾದದ್ದು ಎಂಬ ಕೋರ್ಟಿನ ದೃಢೀಕರಣ) ಕಡ್ಡಾಯವೂ ಅಲ್ಲ.

ದಾನಪತ್ರವೇ ಬೇಕು ಎಂದು ಅವ್ವ ಹಟ ಹಿಡಿದರೆ, ಒಂದು ಮಾತು ಅದರೊಳಗೆ ಇರಲೇಬೇಕು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಕಲಂ, ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಆಸ್ತಿ ಪಡೆದು ನೋಡಿಕೊಳ್ಳದೆ ಹೋದರೆ ಆ ವರ್ಗಾವಣೆಯನ್ನು ರದ್ದು ಮಾಡಿಸಿಕೊಳ್ಳಲು ಹಿರಿಯರಿಗೆ ಅವಕಾಶ ಕೊಡುತ್ತದೆ. ಷರತ್ತು ಇತ್ತೆಂದು ತೋರಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಇನ್ನೊಂದು ತೀರ್ಪು ಹಿರಿಯರ ಪರ ಉದಾರವಾಗಿ ಓದಿತು. ನಾಳೆ ಕೋರ್ಟು ಹೇಗೆ ಓದುತ್ತದೋ ಎಂದು ಕಾಯುವ ಬದಲು, “ನನ್ನ ಜೀವಿತಾವಧಿಯವರೆಗೆ ನಾನು ಇದೇ ಮನೆಯಲ್ಲಿ ವಾಸಿಸುವ ಹಕ್ಕನ್ನು ಉಳಿಸಿಕೊಂಡು, ನನ್ನ ಊಟ, ಉಪಚಾರ, ಔಷಧದ ಖರ್ಚನ್ನು ದಾನ ಪಡೆದವರು ನೋಡಿಕೊಳ್ಳಬೇಕೆಂಬ ಷರತ್ತಿಗೆ ಒಳಪಟ್ಟು ಕೊಟ್ಟಿದ್ದೇನೆ” ಎಂದು ಪತ್ರದಲ್ಲೇ ಬರೆಸಿಬಿಡಿ. “ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ” ಎಂಬ ಸಿದ್ಧ ಒಕ್ಕಣೆಯನ್ನೇ ಅಚ್ಚು ಹಾಕಿ ಮುಗಿಸುವ ಪತ್ರ ಬರಹಗಾರರು ಬಹಳ. ಓದಿ ನೋಡದೆ ಹೆಬ್ಬೆಟ್ಟು ಒತ್ತಿಸಬೇಡಿ.

ವಿಲ್ ಕಾಗದ ಸಾದಾ ಇರಲಿ, ಭಾಷೆ ಅವ್ವನ ಬಾಯಿಂದ ಬರುವಂಥ ಕನ್ನಡ ಇರಲಿ. 1925ರ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಪ್ರಕಾರ ಇಬ್ಬರು ಸಾಕ್ಷಿಗಳು ಬೇಕು. ಅವ್ವ ಸಹಿ ಹಾಕಿದ್ದನ್ನು ಅವರು ಕಂಡಿರಬೇಕು, ಇಲ್ಲವೇ ಇದು ತನ್ನದೇ ಸಹಿ ಎಂದು ಅವಳು ಅವರಿಗೆ ಹೇಳಿರಬೇಕು. ಆಮೇಲೆ ಅವರಿಬ್ಬರೂ ಅವಳೆದುರು ಸಹಿ ಹಾಕಬೇಕು. ಸಾಕ್ಷಿಗಳು ಅವ್ವಗಿಂತ ಚಿಕ್ಕವರಿರಲಿ, ಊರಲ್ಲೇ ಉಳಿಯುವವರಿರಲಿ. ಅವಳ ವಾರಗೆಯ ಮುದುಕರನ್ನು ಕರೆದರೆ ಸಾಕ್ಷಿ ಹೇಳುವ ಹೊತ್ತಿಗೆ ಯಾರು ಇರುತ್ತಾರೆ? ಅವಳನ್ನು ನೋಡುವ ವೈದ್ಯರೇ ಒಬ್ಬ ಸಾಕ್ಷಿಯಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಪಾಲು ಪಡೆಯುವವರು, ಅವರ ಹೆಂಡತಿ, ಮಾವ ಸಾಕ್ಷಿಯಾಗುವುದು ಬೇಡ. ಮೈಸೂರು ಸೀಮೆಯಿಂದ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ (1959) ಸುಪ್ರೀಂ ಕೋರ್ಟ್ ಹೇಳಿದ್ದು ಇಂದಿಗೂ ಅಳತೆಗೋಲು: ವಿಲ್‌ನಿಂದ ಲಾಭ ಪಡೆಯುವವನೇ ಅದನ್ನು ಬರೆಸುವುದರಲ್ಲಿ ಮುಂದಾಗಿ ನಿಂತಿದ್ದರೆ, ಆ ಅನುಮಾನವನ್ನು ಅವನೇ ನಿವಾರಿಸಬೇಕು. ತಮ್ಮನಿಗೆ ಹೆಚ್ಚು ಕೊಡಬೇಕೆಂದು ಅವ್ವಗೆ ಅನ್ನಿಸಿದರೆ ತಪ್ಪಿಲ್ಲ, ದಿನಾ ನೋಡಿಕೊಳ್ಳುವವನು ಅವನೇ. ಹಾಗೆ ಯಾಕೆ ಕೊಟ್ಟೆ ಎಂಬುದನ್ನು ಅವಳ ಮಾತಿನಲ್ಲೇ ಎರಡು ಸಾಲು ಬರೆಸಿ. (ಈ ಪ್ರಶ್ನೆ ಮುಸ್ಲಿಂ ಮನೆಯಿಂದ ಬಂದಿದ್ದರೆ ಉತ್ತರ ಬೇರೆ ಇರುತ್ತಿತ್ತು. ಅಲ್ಲಿ ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ವಿಲ್ ಮಾಡುವಂತಿಲ್ಲ.)

ವಿಲ್ ನೋಂದಣಿ ಕಡ್ಡಾಯವಲ್ಲ, ಆದರೆ ನಿಮ್ಮ ಮನೆಯ ಪರಿಸ್ಥಿತಿಯಲ್ಲಿ ಮಾಡಿಸಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಮಯ ಪಡೆಯುವಾಗ ಬೆಳಗಿನದೇ ಪಡೆಯಿರಿ. ಇಂಥ ಮರೆವಿನವರಿಗೆ ಸಂಜೆಯಾಗುತ್ತಲೇ ಗಲಿಬಿಲಿ ಹೆಚ್ಚುತ್ತದೆ. ಹೊಟ್ಟೆಗೆ ತಿನ್ನಿಸಿ, ಕನ್ನಡಕ, ಕಿವಿಯ ಮಷೀನು ಇದ್ದರೆ ಹಾಕಿಸಿ ಕರೆತನ್ನಿ. ಅದೇ ದಿನ ಅಥವಾ ಹಿಂದಿನ ದಿನದ ವೈದ್ಯರ ಪ್ರಮಾಣಪತ್ರ ಜೊತೆಗಿರಲಿ. ಸಬ್ ರಿಜಿಸ್ಟ್ರಾರ್ ಕ್ಯಾಮೆರಾ ಮುಂದೆ ಕೂರಿಸಿ, ಬೆರಳಚ್ಚು ತೆಗೆಯುವ ಮೊದಲು “ಅಮ್ಮಾ, ಏನ್ ಬರ್ಸಾಕ ಬಂದೀರಿ? ಮನಿ ಯಾರಿಗಿ ಕೊಡಾಕತ್ತೀರಿ?” ಎಂದು ಕೇಳುತ್ತಾರೆ. ಅಲ್ಲಿ ಮಕ್ಕಳು ಮಾಡುವ ಎಡವಟ್ಟು ಒಂದೇ. ಅವ್ವ ಒಂದು ಗಳಿಗೆ ಸುಮ್ಮನಾದರೆ ಸಾಕು, ಹಿಂದಿನಿಂದ ಮಗ “ಹೇಳವ್ವಾ, ಸಣ್ಣಾತಗ ಅಂತ ಹೇಳು” ಎಂದು ಬಾಯಿ ಹಾಕುತ್ತಾನೆ. ಗಟ್ಟಿ ಅಧಿಕಾರಿಯಾದರೆ ಅಲ್ಲಿಗೇ ಕಾಗದ ತಿರುಗಿಸಿ ಕೊಡುತ್ತಾರೆ, ಕೊಡುವುದೇ ಸರಿ. ಮೂವರೂ ಮಕ್ಕಳು ಹೊರಗೆ ಬೆಂಚಿನ ಮೇಲೆ ಕೂತಿರಿ, ಅವಳು ತನಗೆ ತೋಚಿದಂತೆ ಹೇಳಲಿ. ಕಚೇರಿಗೆ ಬರಲಾಗದಷ್ಟು ನಿಶ್ಶಕ್ತಳಾಗಿದ್ದರೆ 1908ರ ನೋಂದಣಿ ಕಾಯ್ದೆಯ 31 ಮತ್ತು 38ನೇ ಕಲಂ ಪ್ರಕಾರ ಅಧಿಕಾರಿಯನ್ನೇ ಮನೆಗೆ ಬರುವಂತೆ ಅರ್ಜಿ ಕೊಟ್ಟು ಕೇಳಬಹುದು.

ಬ್ಯಾಂಕಿನ ಕೆಲಸ ಎಲ್ಲಕ್ಕಿಂತ ಸುಲಭ, ಬಹುಶಃ ಅದಕ್ಕೇ ಎಲ್ಲರೂ ಮುಂದೂಡುತ್ತಾರೆ. ಅವ್ವನನ್ನು ಶಾಖೆಗೆ ಕರೆದೊಯ್ದು ಎಫ್‌ಡಿ ಬಡ್ಡಿ ತಿಂಗಳಿಗೋ ಮೂರು ತಿಂಗಳಿಗೋ ಉಳಿತಾಯ ಖಾತೆಗೆ ಬೀಳುವಂತೆ ಬರೆದುಕೊಡಿಸಿ. ಆ ಖಾತೆಯನ್ನು ಒಬ್ಬ ಮಗ ಅಥವಾ ಮಗಳ ಜೊತೆ “ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು” ಎಂಬ ಷರತ್ತಿನ ಜಂಟಿ ಖಾತೆ ಮಾಡಿಸಿ. ಅದರಲ್ಲಿ ಮನೆ, ಔಷಧ ಖರ್ಚಿನಷ್ಟೇ ದುಡ್ಡು ಓಡಾಡಲಿ. ನಾಮನಿರ್ದೇಶನ ನೋಡಿ, ಅಪ್ಪನ ಹೆಸರೇ ಇನ್ನೂ ಇರಬಹುದು. 2025ರ ನವೆಂಬರ್ 1ರಿಂದ ಠೇವಣಿಗೆ ನಾಲ್ವರವರೆಗೆ ನಾಮಿನಿ ಹಾಕಬಹುದಾಗಿದೆ, ಶೇಕಡಾವಾರು ಹಂಚಿಯೂ ಬರೆಯಬಹುದು. ಮೂವರನ್ನೂ ಹಾಕಿಸಿ. ನಾಮಿನಿ ಆದವರು ಬ್ಯಾಂಕಿನಿಂದ ದುಡ್ಡು ಎತ್ತಬಹುದು, ಆದರೆ ಅಷ್ಟಕ್ಕೇ ಅದು ಅವರ ಸ್ವಂತದ್ದಾಗುವುದಿಲ್ಲ, ವಾರಸುದಾರರ ಪಾಲು ವಾರಸುದಾರರಿಗೇ. ಮುಂದೆ ಅವ್ವ ಹಾಸಿಗೆ ಹಿಡಿದು ಸಹಿ ಮಾಡಲಾರದೆ ಹೋದರೂ, ತಿಳಿವಳಿಕೆ ಇದ್ದರೆ ರಿಸರ್ವ್ ಬ್ಯಾಂಕ್ ನಿಯಮದಂತೆ ಇಬ್ಬರು ಸ್ವತಂತ್ರ ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಿ ದುಡ್ಡು ತೆಗೆಯಬಹುದು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. 70 ದಾಟಿದವರಿಗೆ ಮನೆಬಾಗಿಲಿಗೆ ಸೇವೆ ಕೊಡಬೇಕೆಂದೂ ರಿಸರ್ವ್ ಬ್ಯಾಂಕ್ 2017ರಲ್ಲಿ ಬ್ಯಾಂಕುಗಳಿಗೆ ಹೇಳಿದೆ. “ಹಂಗೆಲ್ಲ ಬರಂಗಿಲ್ಲ” ಎಂದರೆ ಅದನ್ನೇ ಲಿಖಿತವಾಗಿ ಕೊಡಿ ಎಂದು ಕೇಳಿ. ಸಾಮಾನ್ಯವಾಗಿ ಮರುದಿನ ಬರುತ್ತಾರೆ.

ಮಾನಸಿಕ ಆರೋಗ್ಯದ ಚಿಕಿತ್ಸೆಯ ವಿಷಯದಲ್ಲಿ, ತನ್ನ ಪರವಾಗಿ ವೈದ್ಯರ ಹತ್ತಿರ ಯಾರು ಮಾತಾಡಬೇಕು ಎಂಬುದನ್ನು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 14ನೇ ಕಲಂ ಪ್ರಕಾರ ಅವ್ವ ಸಾದಾ ಕಾಗದದ ಮೇಲೆ ಬರೆದು ಸಹಿ ಹಾಕಿದರೆ ಸಾಕು. ಕೊನೆಗಾಲದಲ್ಲಿ ವೆಂಟಿಲೇಟರ್ ಬೇಕೋ ಬೇಡವೋ ಎಂಬ ಮಾತು ಬೇರೆ. ಅದಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ತೋರಿಸಿ 2023ರಲ್ಲಿ ಸರಳಗೊಳಿಸಿದ ಕ್ರಮ ಇದೆ. ಇಬ್ಬರು ಸಾಕ್ಷಿಗಳು, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕು. ಅವ್ವ ತಾನಾಗಿ ಆ ಮಾತು ಎತ್ತಿದರೆ ಮಾತ್ರ ಮಾಡಿಸಿ.

ತಮ್ಮನ ಬಗ್ಗೆಯೂ ಒಂದು ಮಾತು. ಅವನು ಜಿಪಿಎ ಕೇಳಿದ್ದರಲ್ಲಿ ದುರಾಸೆಯೇ ಇರಬೇಕೆಂದಿಲ್ಲ. ಮೂರು ವರ್ಷದಿಂದ ಪ್ರತಿ ಕಚೇರಿಯಲ್ಲೂ “ಖಾತೆದಾರರು ಎಲ್ಲಿ?” ಎಂಬ ಪ್ರಶ್ನೆಗೆ ಉತ್ತರ ಹೇಳಿ ಸಾಕಾಗಿರಬಹುದು. ಸತ್ತವರ ಹೆಸರಿನ ಪಹಣಿ ಹಿಡಿದು ಬೆಳೆಸಾಲ, ಬೆಳೆವಿಮೆ ಏನೂ ಸುಸೂತ್ರವಾಗಿ ಆಗುವುದಿಲ್ಲ. ಪೌತಿ ಖಾತೆ ಆದರೆ ಅವನ ಅರ್ಧ ತಾಪತ್ರಯ ಕಳೆಯುತ್ತದೆ. ಆದರೆ ಭತ್ತದ ಲೆಕ್ಕ ಬರೆದಿಡಲಿ. ಪ್ರತಿ ಬೆಳೆಗೆ ಎಷ್ಟು ಚೀಲ ಆಯಿತು, ಗಂಗಾವತಿಯಲ್ಲೋ ಕಾರಟಗಿಯಲ್ಲೋ ಯಾವ ಮಿಲ್ಲಿಗೆ ಎಷ್ಟಕ್ಕೆ ಹೋಯಿತು, ಗೊಬ್ಬರ, ಎಣ್ಣೆ (ಕೀಟನಾಶಕ), ಆಳು, ಕಟಾವು ಮಷೀನಿನ ಬಾಡಿಗೆ ಎಷ್ಟು, ಅವ್ವನ ಔಷಧಕ್ಕೆ ಎಷ್ಟು, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಇರಲಿ. ಮಿಲ್ಲಿನ ಪಟ್ಟಿ, ಮೆಡಿಕಲ್ ಶಾಪಿನ ಬಿಲ್ಲು ಅದಕ್ಕೇ ಪಿನ್ ಮಾಡಿಡಲಿ. ನೀವು ಹಬ್ಬಕ್ಕೆ ಊರಿಗೆ ಹೋದಾಗ ಮೂವರೂ ಕೂತು ನೋಡಿ. ನಾಳೆ ಪಾಲಿನ ಮಾತು ಬಂದರೆ “ಹೊಲದ ಉತ್ಪನ್ನ ಎಲ್ಲ ನೀನೇ ಉಂಡೆ” ಎಂಬ ಮಾತಿಗೆ ಅವನ ಹತ್ತಿರ ಉತ್ತರ ಇರುತ್ತದೆ. ಅವನ ದುಡಿಮೆಗೆ ನೀವಿಬ್ಬರೂ ಸೇರಿ ಒಂದು ಪಾಲು ಹೆಚ್ಚು ಬಿಟ್ಟುಕೊಡುವುದೂ ನ್ಯಾಯವೇ.

ಖರ್ಚಿನ ಚಿಂತೆ ಇದ್ದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಅವ್ವಗೂ ತಂಗಿಗೂ ಇದು ಅನ್ವಯ. ಗಂಗಾವತಿ ಕೋರ್ಟಿನಲ್ಲಿರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ವಿಚಾರಿಸಿ, ಅಥವಾ 15100ಕ್ಕೆ ಫೋನ್ ಮಾಡಿ. ಹಿರಿಯ ನಾಗರಿಕರ ಸಹಾಯವಾಣಿ 14567. ಹೋಗುವಾಗ ಅಪ್ಪನ ಮರಣ ಪ್ರಮಾಣಪತ್ರದ ಮೂಲ ಪ್ರತಿ, ಪಹಣಿ, ಮನೆಯ ಪಂಚಾಯಿತಿ ಉತಾರ, ಅವ್ವನ ಆಧಾರ್, ಪಾಸ್‌ಬುಕ್ಕು, ವೈದ್ಯರ ಫೈಲು ತೆಗೆದುಕೊಂಡು ಹೋಗಿ. ಆಧಾರ್‌ನಲ್ಲಿ, ಪಹಣಿಯಲ್ಲಿ, ಪಾಸ್‌ಬುಕ್ಕಿನಲ್ಲಿ ಹೆಸರು ಬೇರೆ ಬೇರೆ ಇದ್ದರೆ (ನಮ್ಮ ಕಡೆ ಇದು ಇಲ್ಲದ ಮನೆಯೇ ಇಲ್ಲ) ಅದನ್ನು ಮೊದಲು ಸರಿಪಡಿಸಿ. ಎಲ್ಲ ಸಿದ್ಧವಾದ ಮೇಲೆ ಕಡತ ನಿಲ್ಲುವುದು ಸಾಮಾನ್ಯವಾಗಿ ಅಲ್ಲೇ.